ಹಬೆಯಿಂದ ಮನೆ ಕಾಯಿಸಿದವರು

ನಮ್ಮ ನಾಡಿನಲ್ಲಿ ಮನೆ ಕಟ್ಟುವವನಿಗೆ ಮೊದಲ ಚಿಂತೆ ಬಿಸಿಲಿನದು, ಎರಡನೆಯದು ಮಳೆಯದು. ಚಳಿಯ ಮಾತು ಬರುವುದು ಆಮೇಲೆ. ಎಷ್ಟೋ ಊರುಗಳಲ್ಲಿ ಅದು ಬರುವುದೇ ಇಲ್ಲ. ಕೊಡಗಿನಲ್ಲಿಯೂ ಮಲೆನಾಡಿನ ಮೂಲೆಗಳಲ್ಲಿಯೂ ಅಗ್ಗಿಷ್ಟಿಕೆಯ ಸುತ್ತ ಕುಳಿತು ಕೈ ಕಾಯಿಸಿಕೊಳ್ಳುವುದುಂಟು. ಉಳಿದವರಿಗೆ ಒಂದು ಕಂಬಳಿ, ಮುಂಜಾನೆ ಬಚ್ಚಲ ಒಲೆಯ ಮುಂದೆ ಐದು ನಿಮಿಷ, ಹಂಡೆಯ ಬಿಸಿನೀರು, ಇಷ್ಟಾದರೆ ಮಾಗಿಯ ಕಾಲ ಕಳೆದುಹೋಗುತ್ತದೆ. ಆದರೆ ಕೆರೆಯ ನೀರು ಕಲ್ಲಾಗುವ ದೇಶಗಳಲ್ಲಿ ಮನೆಯನ್ನು ಕಾಯಿಸುವುದೆಂದರೆ ಸುಖದ ಮಾತಲ್ಲ, ಪ್ರಾಣದ ಮಾತು. ಆ ದೇಶದ ಜನ ಚಳಿಯೊಡನೆ ನಡೆಸಿದ ಹೋರಾಟದಲ್ಲಿ ಹಬೆಯನ್ನು ಹೇಗೆ ಸೇವಕನನ್ನಾಗಿ ಮಾಡಿಕೊಂಡರು, ಆ ಸೇವಕನ ಭಾಷೆಯನ್ನು ಮುಂದಿನ ತಲೆಮಾರಿನವರು ಹೇಗೆ ಮರೆತರು ಎಂಬುದು ತಿಳಿದುಕೊಳ್ಳತಕ್ಕ ಕಥೆಯಾಗಿದೆ.

ಮನೆಯೊಳಗೆ ಬೆಂಕಿ ಉರಿಸುವುದು ಅತ್ಯಂತ ಹಳೆಯ ಉಪಾಯ. ಅದರ ದೋಷವೂ ಅಷ್ಟೇ ಹಳೆಯದು. ಬೆಂಕಿಗೆ ಎದುರಾದ ಮೈ ಸುಡುತ್ತದೆ, ಬೆನ್ನು ನಡುಗುತ್ತದೆ. ಶಾಖದ ಬಹುಭಾಗ ಹೊಗೆಯೊಡನೆ ಹೊಗೆಗೂಡಿನಲ್ಲಿ ಹೊರಟುಹೋಗುತ್ತದೆ. ಪ್ರಾಚೀನ ರೋಮನರು ಇದಕ್ಕೆ ಬೇರೊಂದು ದಾರಿ ಕಂಡುಕೊಂಡಿದ್ದರು. ಸ್ನಾನಗೃಹಗಳ ಮತ್ತು ಸಿರಿವಂತರ ಮನೆಗಳ ನೆಲವನ್ನು ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಹೊರಗೆ ಒಲೆ ಹೂಡಿ, ಅದರ ಬಿಸಿಗಾಳಿ ನೆಲದ ಅಡಿಯಲ್ಲಿ ಹರಿಯುವಂತೆ ಮಾಡುತ್ತಿದ್ದರು. ಇದಕ್ಕೆ ಹೈಪೊಕಾಸ್ಟ್ ಎಂದು ಹೆಸರು. ಅಡಿಯಿಂದ ಉರಿಸುವುದು ಎಂದು ಆ ಶಬ್ದದ ಗ್ರೀಕ್ ಮೂಲದ ಅರ್ಥ. ಕೊರಿಯಾ ದೇಶದವರ ಒಂಡೊಲ್ ಎಂಬ ಪದ್ಧತಿಯೂ ಇದೇ ಜಾತಿಯದು. ರೋಮ್ ಸಾಮ್ರಾಜ್ಯ ಬಿದ್ದಮೇಲೆ ಪಶ್ಚಿಮ ಯೂರೋಪಿನಲ್ಲಿ ಈ ವಿದ್ಯೆ ಮಸುಕಾಯಿತು. ಬಹುಕಾಲ ಜನ ಮತ್ತೆ ಗೋಡೆಯ ಒಲೆಯನ್ನೇ ನೆಚ್ಚಿದರು.

ಹಬೆಯಿಂದ ಮನೆ ಕಾಯಿಸಬಹುದೆಂಬ ಆಲೋಚನೆ ಬರೆಹಕ್ಕೆ ಇಳಿದದ್ದು ೧೭೪೫ರಲ್ಲಿ. ಕರ್ನಲ್ ವಿಲಿಯಂ ಕುಕ್ ಎಂಬ ಆಂಗ್ಲೇಯನು ಅಡುಗೆಮನೆಯ ಪಾತ್ರೆಯಿಂದ ಹಬೆಯನ್ನು ಕೊಳವೆಯ ಮೂಲಕ ಕೋಣೆಯಿಂದ ಕೋಣೆಗೆ ಒಯ್ಯುವ ಯೋಜನೆಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟಿಸಿದನು. ಸುಮಾರು ನಾಲ್ವತ್ತು ವರ್ಷಗಳ ಮೇಲೆ, ೧೭೮೪ರಲ್ಲಿ, ಹಬೆಯಂತ್ರದ ಖ್ಯಾತಿಯ ಜೇಮ್ಸ್ ವಾಟನು ತನ್ನ ಓದುವ ಕೋಣೆಯನ್ನು ಹಬೆಯಿಂದ ಕಾಯಿಸಿ ನೋಡಿದನು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಹತ್ತಿಯ ಗಿರಣಿಗಳಿಗೆ ಈ ಪದ್ಧತಿ ಬಂದಿತು. ಮನೆ ಮನೆಗೆ ಬರಲು ಮಾತ್ರ ಅಟ್ಲಾಂಟಿಕ್ ಸಾಗರವನ್ನು ದಾಟಬೇಕಾಯಿತು.

ಏಕೆ ಹಬೆ? ನಮ್ಮ ಅಡುಗೆಮನೆಯೇ ಇದಕ್ಕೆ ಉತ್ತರ ಹೇಳುತ್ತದೆ. ಕುದಿಯುವ ನೀರಿನ ಒಂದು ತೊಟ್ಟು ಕೈಗೆ ತಗುಲಿದರೆ ಉರಿಯುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ತಗುಲಿದರೆ ಬೊಬ್ಬೆಯೇಳುತ್ತದೆ. ಎರಡರ ಬಿಸಿಯೂ ನೂರು ಡಿಗ್ರಿಯೇ. ಹಾಗಾದರೆ ವ್ಯತ್ಯಾಸವೆಲ್ಲಿ? ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು ನೂರು ಕ್ಯಾಲೊರಿ ಶಾಖ ಸಾಕು. ಆದರೆ ಆ ನೂರು ಡಿಗ್ರಿಯ ನೀರನ್ನು ಹಬೆಯಾಗಿಸಲು ಮತ್ತೆ ಸುಮಾರು ೫೪೦ ಕ್ಯಾಲೊರಿ ಬೇಕು. ಉಷ್ಣಮಾಪಕಕ್ಕೆ ಕಾಣದ ಈ ಶಾಖವನ್ನು ಹಬೆ ತನ್ನ ಮಡಿಲಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತದೆ. ತಣ್ಣನೆಯ ವಸ್ತುವೊಂದನ್ನು ಮುಟ್ಟಿದ ಕೂಡಲೇ ಮರಳಿ ನೀರಾಗಿ, ಅಷ್ಟನ್ನೂ ಅಲ್ಲಿ ಸುರಿದುಬಿಡುತ್ತದೆ. ಇನ್ನೊಂದು ಗುಣವೂ ಉಂಟು. ಒಂದು ಅಳತೆ ನೀರು ಹಬೆಯಾದರೆ ಸುಮಾರು ಸಾವಿರದ ಏಳುನೂರು ಅಳತೆಯ ಸ್ಥಳವನ್ನು ಆಕ್ರಮಿಸುತ್ತದೆ. ಆದುದರಿಂದ ಅದನ್ನು ತಳ್ಳಲು ಪಂಪು ಬೇಡ. ನೆಲಮಾಳಿಗೆಯಲ್ಲಿ ನೀರು ಕುದಿಸಿದರೆ ಹಬೆ ತಾನಾಗಿಯೇ ಮೇಲಿನ ಮಾಳಿಗೆಗೆ ಏರುತ್ತದೆ. ಶಾಖ ಕೊಟ್ಟು ನೀರಾದಮೇಲೆ ತನ್ನ ಭಾರದಿಂದಲೇ ಇಳಿದು ಬಂದು ಬಾಯ್ಲರನ್ನು ಸೇರುತ್ತದೆ. ಸಾಗರದಿಂದ ಮೋಡ, ಮೋಡದಿಂದ ಮಳೆ, ಮಳೆಯಿಂದ ಹೊಳೆ, ಹೊಳೆಯಿಂದ ಸಾಗರ ಎಂಬ ಚಕ್ರವೇ ಇಲ್ಲಿ ಒಂದು ಮನೆಯ ಗೋಡೆಗಳ ನಡುವೆ ತಿರುಗುತ್ತದೆ.

ಅಮೆರಿಕಾದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಜೋಸೆಫ್ ನೇಸನ್ ಮುಖ್ಯನು. ಇಂಗ್ಲೆಂಡಿನಲ್ಲಿ ಆಂಗಿಯರ್ ಪರ್ಕಿನ್ಸ್ ಎಂಬ ಶಿಲ್ಪಿಯ ಬಳಿ ಬಿಸಿನೀರಿನ ಕೊಳವೆಗಳ ಕೆಲಸ ಕಲಿತು ೧೮೪೦ರ ದಶಕದ ಆದಿಯಲ್ಲಿ ಸ್ವದೇಶಕ್ಕೆ ಮರಳಿದ ಈತನು, ಜೇಮ್ಸ್ ವಾಲ್ವರ್ತ್ ಎಂಬಾತನೊಡನೆ ಸೇರಿ ಕಟ್ಟಡಗಳಿಗೆ ಹಬೆಯ ಕೊಳವೆ ಜೋಡಿಸುವ ವ್ಯಾಪಾರ ಆರಂಭಿಸಿದನು. ೧೮೫೪ರಲ್ಲಿ ಸ್ಟೀಫನ್ ಗೋಲ್ಡ್ ಎಂಬಾತನು ಎರಡು ಲೋಹದ ತಗಡುಗಳನ್ನು ಹಾಸಿಗೆಯ ಹಾಗೆ ಅಲ್ಲಲ್ಲಿ ಬಂಧಿಸಿ, ನಡುವೆ ಹಬೆ ತುಂಬುವ ಸಾಧನಕ್ಕೆ ಹಕ್ಕುಪತ್ರ ಪಡೆದನು. ಅದೇ ದಶಕದಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಫ್ರಾಂಜ್ ಸಾನ್ ಗಾಲ್ಲಿ ಇಂಥದೇ ಪ್ರಯತ್ನ ನಡೆಸಿದ್ದನು. ೧೮೬೩ರಲ್ಲಿ ನೇಸನ್ ಮತ್ತು ರಾಬರ್ಟ್ ಬ್ರಿಗ್ಸ್ ಇಬ್ಬರೂ ಬೀಡುಕಬ್ಬಿಣದ ಪೀಠದ ಮೇಲೆ ಮೆದುಕಬ್ಬಿಣದ ನೆಟ್ಟನೆಯ ಕೊಳವೆಗಳನ್ನು ತಿರುಪಿ ನಿಲ್ಲಿಸಿದರು. ಮುಂದಿನ ದಶಕದಲ್ಲಿ ನೆಲ್ಸನ್ ಬಂಡಿ ಎಂಬಾತನ ಬೀಡುಕಬ್ಬಿಣದ ಮಾದರಿ ಮನೆಮಾತಾಯಿತು. ಟೊಳ್ಳು ಫಲಕಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿ, ಬೇಕಾದಷ್ಟು ಉದ್ದ ಮಾಡಿಕೊಳ್ಳುವ ರೂಪ ಆಮೇಲೆ ಸ್ಥಿರವಾಯಿತು. ಅದರ ಮೇಲೆ ಬಳ್ಳಿ, ಹೂವು, ಎಲೆಗಳ ಕೆತ್ತನೆಯೂ ಬಂದಿತು. ೧೮೯೨ರಲ್ಲಿ ಹಲವು ಕಾರ್ಖಾನೆಗಳು ಒಂದಾಗಿ ಅಮೆರಿಕನ್ ರೇಡಿಯೇಟರ್ ಕಂಪೆನಿ ಹುಟ್ಟಿತು. ೧೯೨೪ರಲ್ಲಿ ಅದು ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ಎದುರು ಕಟ್ಟಿಸಿದ, ಕಪ್ಪು ಇಟ್ಟಿಗೆಯ ಮೈಗೆ ಹೊಂಬಣ್ಣದ ಕಿರೀಟವಿಟ್ಟ ಗೋಪುರವನ್ನು ಈಗಲೂ ನೋಡಬಹುದು.

ಭಾಷಾಪಂಡಿತನಾದವನಿಗೆ ಇಲ್ಲಿ ಶಬ್ದದ ಮಾತೊಂದನ್ನು ಆಡದೆ ಮುಂದೆ ಹೋಗಲು ಮನಸ್ಸು ಬಾರದು. ರೇಡಿಯೇಟರ್ ಎಂಬುದರ ಮೂಲ ಲ್ಯಾಟಿನ್ನಿನ ರೇಡಿಯಸ್. ಅದಕ್ಕೆ ಗಾಲಿಯ ಅರ ಎಂದೂ ಬೆಳಕಿನ ಕಿರಣ ಎಂದೂ ಅರ್ಥ. ನಮ್ಮ ಸಂಸ್ಕೃತದ ರಶ್ಮಿ ಶಬ್ದಕ್ಕೂ ಕುದುರೆಯ ಲಗಾಮು ಮತ್ತು ಕಿರಣ ಎಂದು ಎರಡರ್ಥ ಉಂಟಷ್ಟೆ. ನಿಮ್ಮ ಮನೆಯ ರೇಡಿಯೋವೂ ಇದೇ ರೇಡಿಯಸ್ಸಿನ ಮಗು. ಸ್ವಾರಸ್ಯವೇನೆಂದರೆ, ರೇಡಿಯೋ ತನ್ನ ಹೆಸರಿಗೆ ತಕ್ಕಂತೆ ಕಿರಣಗಳಿಂದ ಬದುಕುತ್ತದೆ. ರೇಡಿಯೇಟರು ಮಾತ್ರ ಹೆಸರಿಗೆ ಪೂರ್ತಿ ನ್ಯಾಯ ಸಲ್ಲಿಸುವುದಿಲ್ಲ. ಅದರ ಶಾಖದ ದೊಡ್ಡ ಪಾಲು ಕಿರಣವಾಗಿ ಬಾರದೆ, ಅದನ್ನು ಸವರಿಕೊಂಡು ಮೇಲೇಳುವ ಗಾಳಿಯೊಡನೆ ಕೋಣೆಯಲ್ಲೆಲ್ಲ ಸುತ್ತುತ್ತದೆ.

ಹಬೆಯ ಸೇವೆಯನ್ನು ಜನ ನಂಬುವ ಮೊದಲು ಅದರ ಕೋಪವನ್ನು ಅಡಗಿಸಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಯ್ಲರು ಸಿಡಿಯುವುದು ಅಪರೂಪದ ಸುದ್ದಿಯಾಗಿರಲಿಲ್ಲ. ೧೮೬೫ರ ಏಪ್ರಿಲ್ ೨೭ರಂದು ಮಿಸಿಸಿಪ್ಪಿ ನದಿಯಲ್ಲಿ ಮೆಂಫಿಸ್ ನಗರದ ಬಳಿ ಸುಲ್ತಾನಾ ಎಂಬ ಹಡಗಿನ ಬಾಯ್ಲರುಗಳು ಸಿಡಿದುವು. ಅಂತರ್ಯುದ್ಧದ ಸೆರೆಯಿಂದ ಬಿಡುಗಡೆ ಹೊಂದಿ ಊರಿಗೆ ಹೊರಟಿದ್ದ ಸೈನಿಕರು ಅದರಲ್ಲಿ ತುಂಬಿದ್ದರು. ೩೭೬ ಮಂದಿಗೆ ಮಾತ್ರ ಅನುಮತಿಯಿದ್ದ ಹಡಗಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿದ್ದರು. ಸತ್ತವರು ಸಾವಿರದ ನೂರಕ್ಕೂ ಮೀರಿದರು. ಯುದ್ಧದಿಂದ ಉಳಿದುಬಂದವರು ಮನೆಯ ದಾರಿಯಲ್ಲಿ ಹಬೆಗೆ ಬಲಿಯಾದರು. ಮರುವರ್ಷ, ೧೮೬೬ರಲ್ಲಿ, ಕನೆಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ಬಾಯ್ಲರುಗಳನ್ನು ಪರೀಕ್ಷಿಸಿ ವಿಮೆ ಕೊಡುವ ಸಂಸ್ಥೆಯೊಂದು ಸ್ಥಾಪಿತವಾಯಿತು. ೧೯೦೫ರ ಮಾರ್ಚ್ ೨೦ರಂದು ಮೆಸಾಚುಸೆಟ್ಸ್ ಸಂಸ್ಥಾನದ ಬ್ರಾಕ್ಟನ್ನಿನಲ್ಲಿ ಪಾದರಕ್ಷೆಯ ಕಾರ್ಖಾನೆಯ ಬಾಯ್ಲರು ಸಿಡಿದು ೫೮ ಮಂದಿ ಸತ್ತಮೇಲೆ ಆ ಸಂಸ್ಥಾನ ಕಟ್ಟುನಿಟ್ಟಿನ ಕಾಯಿದೆ ಮಾಡಿತು. ಯಂತ್ರಶಿಲ್ಪಿಗಳ ಸಂಘವು ಬಾಯ್ಲರು ಹೇಗಿರಬೇಕೆಂಬ ವಿಧಿಗಳನ್ನು ಗ್ರಂಥರೂಪಕ್ಕೆ ತಂದಿತು. ಆ ವಿಧಿಗಳ ಒಂದೊಂದು ಸೂತ್ರದ ಹಿಂದೆಯೂ ಒಂದೊಂದು ಮನೆಯ ಅಳು ಇದೆಯೆಂದರೆ ಅತಿಶಯೋಕ್ತಿಯಲ್ಲ.

ಹಾರ್ಟ್‌ಫರ್ಡಿನ ಆ ಸಂಸ್ಥೆಯೇ ೧೯೧೯ರಲ್ಲಿ ಕೊಳವೆ ಜೋಡಿಸುವ ಒಂದು ಜಾಣ ಕ್ರಮವನ್ನು ಬಳಕೆಗೆ ತಂದಿತು. ಮೇಲಿನಿಂದ ಮರಳಿ ಬರುವ ನೀರಿನ ಕೊಳವೆಯನ್ನು ನೇರವಾಗಿ ಬಾಯ್ಲರಿನ ತಳಕ್ಕೆ ಸೇರಿಸದೆ, ಒಮ್ಮೆ ಮೇಲಕ್ಕೆ ಬಾಗಿಸಿ, ಬಾಯ್ಲರಿನ ನೀರುಮಟ್ಟಕ್ಕಿಂತ ಎರಡು ಅಂಗುಲ ಕೆಳಗೆ ಜೋಡಿಸುವುದು ಆ ಕ್ರಮ. ಹಿಂದೆ ಆ ಕೊಳವೆ ಎಲ್ಲಿಯಾದರೂ ತೂತುಬಿದ್ದರೆ ಬಾಯ್ಲರಿನ ನೀರೆಲ್ಲ ಸೋರಿಹೋಗುತ್ತಿತ್ತು. ಅಡಿಯಲ್ಲಿ ಬೆಂಕಿ, ಒಳಗೆ ನೀರಿಲ್ಲ. ಆಮೇಲೆ ಆಗುವುದನ್ನು ಹೇಳಬೇಕಾಗಿಲ್ಲ. ಈ ಬಾಗು ಬಂದಮೇಲೆ ಸೋರಿದರೂ ನೀರು ಆ ಜೋಡಣೆಯ ಮಟ್ಟಕ್ಕಿಂತ ಕೆಳಗೆ ಬೇಗನೆ ಇಳಿಯದು. ಒಂದು ಹೆಚ್ಚಿನ ಕೊಳವೆಯ ತುಂಡು, ಅಷ್ಟೆ. ಅದರಿಂದ ಉಳಿದ ಜೀವಗಳನ್ನು ಯಾರೂ ಎಣಿಸಲಾರರು. ಆಗದೆ ಹೋದ ಅನಾಹುತಕ್ಕೆ ಚರಿತ್ರೆಯಲ್ಲಿ ಪುಟವಿಲ್ಲ.

ಈ ನಡುವೆ ಹಬೆ ಮನೆಯ ನೆಲಮಾಳಿಗೆಯನ್ನು ಬಿಟ್ಟು ಬೀದಿಗೂ ಇಳಿದಿತ್ತು. ೧೮೭೭ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಲಾಕ್‌ಪೋರ್ಟ್ ಎಂಬ ಊರಿನಲ್ಲಿ ಬರ್ಡ್ಸಿಲ್ ಹಾಲಿ ಎಂಬಾತನು ಒಂದೇ ಬಾಯ್ಲರಿನಿಂದ ನೆಲದಡಿಯ ಕೊಳವೆಗಳ ಮೂಲಕ ಹಲವು ಮನೆಗಳಿಗೆ ಹಬೆ ಹಂಚಿ ತೋರಿಸಿದನು. ನಲ್ಲಿಯಲ್ಲಿ ನೀರು ಬರುವಂತೆ ಶಾಖವೂ ಮನೆಬಾಗಿಲಿಗೆ ಬರಬಹುದೆಂದಾಯಿತು. ೧೮೮೨ರಲ್ಲಿ ನ್ಯೂಯಾರ್ಕ್ ನಗರದಲ್ಲಿಯೂ ಇಂಥ ವ್ಯವಸ್ಥೆ ಆರಂಭವಾಯಿತು. ಅದು ಇಂದಿಗೂ ನಡೆಯುತ್ತಿದೆ. ಸುಮಾರು ೧೦೫ ಮೈಲಿ ಉದ್ದದ ಕೊಳವೆಗಳು ಮ್ಯಾನ್‌ಹ್ಯಾಟನ್ ದ್ವೀಪದ ಬೀದಿಗಳ ಕೆಳಗಿವೆ. ಆ ನಗರದ ಚಿತ್ರಗಳಲ್ಲಿ ರಸ್ತೆಯ ನಡುವಿನಿಂದ ಬಿಳಿಯ ಹಬೆ ಏಳುವುದನ್ನು ನಮ್ಮ ವಾಚಕರು ನೋಡಿಯೇ ಇರುತ್ತಾರೆ. ಉಳಿದ ಸಾವಿರಾರು ವಾಸದ ಕಟ್ಟಡಗಳಿಗೆ ಅವುಗಳ ನೆಲಮಾಳಿಗೆಯ ಬಾಯ್ಲರೇ ಗತಿ.

ಇನ್ನು ಕಥೆಯ ವಿಚಿತ್ರವಾದ ಭಾಗಕ್ಕೆ ಬರೋಣ. ನ್ಯೂಯಾರ್ಕಿನ ಹಳೆಯ ಮನೆಗಳಲ್ಲಿ ನಡುಚಳಿಗಾಲದಲ್ಲಿಯೂ ಜನ ಕಿಟಕಿ ತೆರೆದು, ಅಂಗಿ ಕಳಚಿ ಕುಳಿತಿರುತ್ತಾರೆ. ಹೊರಗೆ ಹಿಮ, ಒಳಗೆ ಬೆವರು. ಎಲ್ಲರೂ ಇದನ್ನು ಯಂತ್ರದ ಕೇಡೆಂದು ಬಗೆಯುತ್ತಾರೆ. ಆದರೆ ಅದರ ಬೇರು ಒಂದು ಕಾಲದ ಆರೋಗ್ಯಧರ್ಮದಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಮುಚ್ಚಿದ ಕೋಣೆಯ ಕೆಟ್ಟ ಗಾಳಿಯೇ ರೋಗಗಳ ತಾಯಿಯೆಂಬ ನಂಬಿಕೆ ಪ್ರಬಲವಾಗಿತ್ತು. ಲೂಯಿಸ್ ಲೀಡ್ಸ್ ಎಂಬ ವಾಯುಸಂಚಾರದ ತಜ್ಞನು ಅಂತರ್ಯುದ್ಧ ಮುಗಿದ ಹೊಸತರಲ್ಲಿ, ಮನುಷ್ಯನು ಬಿಟ್ಟ ಉಸಿರೇ ಅವನಿಗೆ ಶತ್ರುವೆಂದು ಉಪನ್ಯಾಸಗಳಲ್ಲಿ ಸಾರಿದನು. ಕ್ಯಾಥರೀನ್ ಬೀಚರ್ ಮತ್ತು ಆಕೆಯ ತಂಗಿ, ಟಾಮ್ ಮಾಮನ ಕಥೆಯಿಂದ ಜಗತ್ಪ್ರಸಿದ್ಧಳಾದ ಹ್ಯಾರಿಯಟ್ ಬೀಚರ್ ಸ್ಟೋ, ಇಬ್ಬರೂ ೧೮೬೯ರಲ್ಲಿ ಪ್ರಕಟಿಸಿದ ಗೃಹಕೃತ್ಯದ ಗ್ರಂಥದಲ್ಲಿ ಶುದ್ಧಗಾಳಿಯ ಪಕ್ಷವನ್ನು ಬಲವಾಗಿ ಹಿಡಿದರು. ೧೮೮೨ರಲ್ಲಿ ರಾಬರ್ಟ್ ಕೋಖ್ ಕ್ಷಯದ ಜಂತುವನ್ನು ಕಂಡುಹಿಡಿದು ರೋಗಕಾರಣದ ಸಿದ್ಧಾಂತವೇ ಬದಲಾದರೂ, ತೆರೆದ ಕಿಟಕಿಯ ಉಪದೇಶ ಬದಲಾಗಲಿಲ್ಲ. ಕ್ಷಯರೋಗಿಗಳನ್ನು ಬಯಲ ಗಾಳಿಯಲ್ಲಿ ಮಲಗಿಸುವ ಆರೋಗ್ಯಧಾಮಗಳು ಎಲ್ಲೆಡೆ ಎದ್ದುವು.

ಅಷ್ಟರಲ್ಲಿ ೧೯೧೮ರ ಇನ್‌ಫ್ಲುಯೆಂಜ ಬಂದಿತು. ಅಮೆರಿಕಾದಲ್ಲಿ ಸುಮಾರು ೬,೭೫,೦೦೦ ಮಂದಿ ಅದಕ್ಕೆ ತುತ್ತಾದರು. ನಮ್ಮ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಮೈಸೂರು ಸಂಸ್ಥಾನವೂ ಆ ಹೊಡೆತದಿಂದ ತಪ್ಪಿಸಿಕೊಳ್ಳಲಿಲ್ಲ. ಮದ್ದಿಲ್ಲದ ಆ ರೋಗಕ್ಕೆ ಅಮೆರಿಕಾದ ಆರೋಗ್ಯಾಧಿಕಾರಿಗಳು ಹೇಳಿದ ಉಪಾಯಗಳಲ್ಲಿ ಕಿಟಕಿ ತೆರೆದಿಡುವುದೂ ಒಂದು. ಚಳಿಗಾಲದಲ್ಲಿ ಕಿಟಕಿ ತೆರೆದರೆ ಮನೆ ಬೆಚ್ಚಗಿರುವುದು ಹೇಗೆ? ಇದಕ್ಕೆ ಉತ್ತರ ಕೊಡಬೇಕಾದವರು ಶಿಲ್ಪಿಗಳು. ಅವರು ಲೆಕ್ಕ ಹಾಕುವ ಕ್ರಮವನ್ನೇ ಬದಲಿಸಿದರು: ವರ್ಷದ ಅತ್ಯಂತ ಚಳಿಯ ದಿನ, ಗಾಳಿ ಬೀಸುತ್ತಿರುವಾಗ, ಕಿಟಕಿಗಳು ತೆರೆದಿದ್ದರೂ ಕೋಣೆ ಬೆಚ್ಚಗಿರುವಷ್ಟು ದೊಡ್ಡ ಬಾಯ್ಲರು, ಅದಕ್ಕೆ ತಕ್ಕಷ್ಟು ದೊಡ್ಡ ರೇಡಿಯೇಟರು. ಹಬೆಯ ಪದ್ಧತಿಯ ಹಳೆಯ ಗ್ರಂಥಗಳನ್ನೆಲ್ಲ ಹುಡುಕಿ ಓದಿದ ಡ್ಯಾನ್ ಹೋಲೊಹನ್ ಎಂಬ ಲೇಖಕರು ಈ ಸಂಗತಿಯನ್ನು ನಮ್ಮ ಕಾಲದವರಿಗೆ ಮತ್ತೆ ತಿಳಿಸಿಕೊಟ್ಟರು. ಅಂದರೆ ಆ ಮನೆಗಳು ಕಿಟಕಿ ತೆರೆದೇ ಬಾಳಬೇಕೆಂದು ಕಟ್ಟಿದ ಮನೆಗಳು. ರೋಗ ಹೋಯಿತು, ಕಿಟಕಿಗಳು ಮುಚ್ಚಿದುವು, ಆಮೇಲೆ ಗಾಳಿಯಾಡದ ಜೋಡಿ ಗಾಜಿನ ಕಿಟಕಿಗಳೂ ಬಂದುವು. ಆದರೆ ಕಬ್ಬಿಣಕ್ಕೆ ಇದನ್ನು ತಿಳಿಸುವವರಾರು? ಅದು ನೂರು ವರ್ಷದ ಹಿಂದಿನ ಅಪ್ಪಣೆಯನ್ನೇ ಪಾಲಿಸುತ್ತ ಕುದಿಯುತ್ತಿದೆ.

೧೯೬೫ರಲ್ಲಿ ಅಮೆರಿಕಾದ ವಲಸೆಯ ಕಾಯಿದೆ ಸಡಿಲವಾದಮೇಲೆ ನಮ್ಮ ನಾಡಿನ ಅನೇಕ ವೈದ್ಯರು, ಎಂಜಿನಿಯರುಗಳು, ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ನೆಲೆಸಿದರು. ಹೊಸದಾಗಿ ಹೋದವರಿಗೆ ಮೊದಲು ಸಿಕ್ಕುವುದು ಹಳೆಯ ಬಾಡಿಗೆಯ ಮನೆಯೇ ಸರಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಂಥ ಮನೆಯಿಂದ ಬರೆದ ಕಾಗದದಲ್ಲಿ, “ರಾತ್ರಿ ಎರಡು ಗಂಟೆಗೆ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಹೊಡೆಯುತ್ತಾರೆ, ಮೇಷ್ಟ್ರೇ; ಕಿಟಕಿಯ ಕೆಳಗಿನ ಕಬ್ಬಿಣ ಹಾವಿನಂತೆ ಬುಸುಗುಟ್ಟುತ್ತದೆ; ಮಲಗುವ ಕೋಣೆ ಕುಲುಮೆ, ನಡುಮನೆ ಮಂಜುಗಡ್ಡೆ” ಎಂದು ದೂರಿಕೊಂಡಿದ್ದನು. ಈ ಶಬ್ದಗಳಿಗೆಲ್ಲ ಅರ್ಥವುಂಟು. ಮಗು ಅಳುವ ಬಗೆಯಿಂದಲೇ ಹಸಿವೋ ಹೊಟ್ಟೆನೋವೋ ಎಂದು ತಾಯಿ ತಿಳಿಯುವಂತೆ, ಹಳೆಯ ಕೆಲಸಗಾರರು ಸದ್ದಿನಿಂದಲೇ ದೋಷವನ್ನು ಹೇಳುತ್ತಿದ್ದರು.

ಹಳೆಯ ವಾಸದ ಕಟ್ಟಡಗಳಲ್ಲಿ ಬಹಳಷ್ಟು ಒಂದೇ ಕೊಳವೆಯ ಪದ್ಧತಿಯವು. ಹಬೆ ಏರುವುದೂ ನೀರು ಇಳಿಯುವುದೂ ಅದೇ ಕೊಳವೆಯಲ್ಲಿ. ಇಕ್ಕಟ್ಟಾದ ಓಣಿಯಲ್ಲಿ ಎದುರು ಬದುರಾಗಿ ಎರಡು ಗಾಡಿಗಳು ಹೋಗುವಂತೆ. ರೇಡಿಯೇಟರಿನ ಒಂದು ತುದಿಯಲ್ಲಿ ಕವಾಟ, ಇನ್ನೊಂದು ತುದಿಯಲ್ಲಿ ಬೆರಳುಗಾತ್ರದ ಗಾಳಿಕಿಂಡಿ. ತಣ್ಣಗಿರುವಾಗ ರೇಡಿಯೇಟರಿನ ತುಂಬ ಗಾಳಿ ಇರುತ್ತದೆ. ಗಾಳಿ ಹೊರಗೆ ಹೋಗದೆ ಹಬೆ ಒಳಗೆ ಬಾರದು. ಕಿಂಡಿ ಗಾಳಿಯನ್ನು ಬಿಡುತ್ತದೆ. ಹಬೆ ಬಂದು ಮುಟ್ಟಿದ ಕೂಡಲೇ ಬಿಸಿಗೆ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಮೆಲುಬುಸುಗು ಆರೋಗ್ಯದ ಲಕ್ಷಣ. ಬುಸುಗು ನಿಲ್ಲದೆ ಹಬೆಯೇ ಹೊರಗೆ ಬರುತ್ತಿದ್ದರೆ ಕಿಂಡಿ ಕೆಟ್ಟಿದೆಯೆಂದು ತಿಳಿಯಬೇಕು. ಒಂದು ರೇಡಿಯೇಟರು ಮಾತ್ರ ತಣ್ಣಗೇ ಉಳಿದರೆ, ಮೊದಲು ಕವಾಟ ಪೂರ್ತಿ ತೆರೆದಿದೆಯೇ ಎಂದು ನೋಡಬೇಕು; ತೆರೆದಿದ್ದರೆ ಕಿಂಡಿ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಅನೇಕ ವೇಳೆ ಗೋಡೆಗೆ ಬಣ್ಣ ಬಳಿದವನೇ ಕಿಂಡಿಯ ಬಾಯಿಗೂ ಬಳಿದಿರುತ್ತಾನೆ. ಹೊಸ ಕಿಂಡಿ ಹಾಕಿದರೆ ತೀರಿತು. ಆದರೆ ಈ ಕೆಲಸವನ್ನು ಬಾಯ್ಲರು ಆರಿ, ರೇಡಿಯೇಟರು ತಣ್ಣಗಾದಮೇಲೆಯೇ ಮಾಡತಕ್ಕದ್ದು.

ಸುತ್ತಿಗೆಯ ಹೊಡೆತದ ಗುಟ್ಟು ಬೇರೆ. ನೀರು ಇಳಿದು ಹೋಗದೆ ಎಲ್ಲಿಯಾದರೂ ಮಡುಗಟ್ಟಿ ನಿಂತರೆ, ವೇಗವಾಗಿ ಬರುವ ಹಬೆ ಅದನ್ನು ಅಲೆಯಾಗಿ ಎಬ್ಬಿಸಿ ಕೊಳವೆಯ ಮೂಲೆಗೆ ಅಪ್ಪಳಿಸುತ್ತದೆ. ನೀರಿನ ನಡುವೆ ಸಿಕ್ಕಿದ ಹಬೆ ಥಟ್ಟನೆ ತಣಿದು ಕುಗ್ಗಿದಾಗ, ಆ ಬರಿದಾದ ಎಡೆಗೆ ನೀರು ನುಗ್ಗಿ ಬಡಿಯುವುದೂ ಉಂಟು. ಇದಕ್ಕೆ ಮದ್ದು ಬಹುಮಟ್ಟಿಗೆ ನೀರಿಗೆ ದಾರಿ ಮಾಡಿಕೊಡುವುದು. ಗಾರೆಯವರ ರಸಮಟ್ಟವನ್ನು ರೇಡಿಯೇಟರಿನ ಮೇಲಿಟ್ಟು ನೋಡಬೇಕು. ಅದು ಕವಾಟದ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ನೂರು ವರ್ಷದ ಭಾರಕ್ಕೆ ನೆಲದ ಹಲಗೆ ಕುಸಿದು ಇಳಿಜಾರು ತಿರುವುಮುರುವಾಗಿದ್ದರೆ, ಕಿಂಡಿಯ ಕಡೆಯ ಕಾಲುಗಳ ಕೆಳಗೆ ತೆಳುವಾದ ಮರದ ಚಕ್ಕೆ ಕೊಟ್ಟು ಎತ್ತಿದರೆ ಸಾಕು. ಎರಡನೆಯದಾಗಿ, ಒಂಟಿ ಕೊಳವೆಯ ಕವಾಟವನ್ನು ಪೂರ್ತಿ ತೆರೆದಿರಬೇಕು, ಇಲ್ಲವೆ ಪೂರ್ತಿ ಮುಚ್ಚಿರಬೇಕು. ಸೆಕೆಯಾಯಿತೆಂದು ಅರ್ಧ ಮುಚ್ಚಿದರೆ ಹಬೆ ನುಸುಳಿ ಒಳಗೆ ಬರುತ್ತದೆ, ನೀರಿಗೆ ಹೊರಗೆ ಹೋಗಲು ಎಡೆಯಿಲ್ಲ. ಗಳಗಳ ಸದ್ದು, ಕಿಂಡಿಯಿಂದ ನೀರು ಕಾರುವುದು, ನಡುರಾತ್ರಿಯ ಬಡಿತ ಇವುಗಳಿಗೆಲ್ಲ ಈ ಅರ್ಧ ತಿರುಪೇ ಅನೇಕ ವೇಳೆ ಕಾರಣ.

ನೆಲಮಾಳಿಗೆಯ ದೋಷಗಳು ಬಲ್ಲವರಿಗೆ ಬಿಟ್ಟದ್ದು. ಆದರೂ ಮನೆಯವರು ಕಣ್ಣಿಟ್ಟಿರಬೇಕಾದ ಎರಡು ಸಂಗತಿಗಳಿವೆ. ಬಾಯ್ಲರಿನ ಪಕ್ಕದ ಗಾಜುಕೊಳವೆಯಲ್ಲಿ ನೀರಿನ ಮಟ್ಟ ಕಾಣುತ್ತದೆ. ಮತ್ತೆ ಮತ್ತೆ ನೀರು ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆಯೆಂದರ್ಥ. ಹೊಸ ನೀರು ಹೊಸ ಆಮ್ಲಜನಕವನ್ನು ತಂದು ಕಬ್ಬಿಣವನ್ನು ತುಕ್ಕಿಗೆ ಒಪ್ಪಿಸುತ್ತದೆ. ಗಾಜಿನಲ್ಲಿ ನೀರೇ ಕಾಣದಿದ್ದರೆ ಬೆಂಕಿ ಆರಿಸಿ, ಬಲ್ಲವರನ್ನು ಕರೆಯಬೇಕು. ಕಾದ ಬರಿಯ ಬಾಯ್ಲರಿಗೆ ತಣ್ಣೀರು ಬಿಡುವುದು ಮೃತ್ಯುವನ್ನು ಕರೆದಂತೆ. ಎರಡನೆಯದು ಒತ್ತಡ. ಮನೆ ಸಾಕಷ್ಟು ಕಾಯಲಿಲ್ಲವೆಂದು ಒತ್ತಡವನ್ನು ಏರಿಸುವುದು ಎಲ್ಲರಿಗೂ ತೋಚುವ ಉಪಾಯ, ಆದರೆ ತಪ್ಪು ಉಪಾಯ. ಚದರ ಅಂಗುಲಕ್ಕೆ ಒಂದೆರಡು ಪೌಂಡಿನ ಒತ್ತಡವೇ ಮನೆಗೆ ಸಾಕು. ಹಬೆಯನ್ನು ಮುಂದಕ್ಕೆ ಸೆಳೆಯುವುದು ರೇಡಿಯೇಟರಿನಲ್ಲಿ ಅದು ನೀರಾಗಿ ಕುಗ್ಗುವಾಗ ಉಂಟಾಗುವ ತೆರಪು. ದಾರಿಯಲ್ಲಿ ಗಾಳಿ ಅಡ್ಡ ನಿಂತಿದ್ದರೆ ಅದನ್ನು ಬಿಡಿಸಬೇಕು. ಹಿಂದಿನಿಂದ ನೂಕಿದರೆ ಇಂಧನ ಹಾಳು, ಕಿಂಡಿಗಳೂ ಹಾಳು.

ಈ ಮೆತ್ತನೆಯ ನಿಯಮಗಳನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದನ್ನು ನ್ಯೂಯಾರ್ಕ್ ನಗರ ೨೦೦೭ರ ಜುಲೈ ೧೮ರ ಸಂಜೆ ಕಂಡಿತು. ಗ್ರಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಬಳಿ, ೧೯೨೪ರಲ್ಲಿ ಹೂಳಿದ್ದ ಬೀದಿಯ ಹಬೆಯ ಕೊಳವೆ ಸಿಡಿದು, ಕೆಸರೂ ಕಲ್ಲೂ ಬೆರೆತ ಹಬೆಯ ಕಂಬ ಆಕಾಶಕ್ಕೆದ್ದಿತು. ಒಬ್ಬರು ಸತ್ತರು, ಹಲವರು ಗಾಯಗೊಂಡರು. ತಣಿದ ನೀರನ್ನು ಹೊರಕ್ಕೆ ಬಿಡಬೇಕಾದ ಸಾಧನಗಳು ಕಟ್ಟಿಕೊಂಡು, ಒಳಗೆ ಮಡುಗಟ್ಟಿದ ನೀರು ಸುತ್ತಿಗೆಯಾಗಿ ಹೊಡೆದದ್ದೇ ಕಾರಣವೆಂದು ತನಿಖೆಯಿಂದ ಗೊತ್ತಾಯಿತು. ಮನೆಯ ಗೋಡೆಯೊಳಗೆ ನಿದ್ದೆ ಕೆಡಿಸುವ ಬಡಿತಕ್ಕೂ ಬೀದಿಯನ್ನು ಸೀಳಿದ ಬಡಿತಕ್ಕೂ ಗಾತ್ರದಲ್ಲಿ ಅಂತರವೇ ಹೊರತು ಕುಲ ಒಂದೇ.

ಇಷ್ಟು ಸುಲಭವಾದ ಸಂಗತಿಗಳು ಮರೆತುಹೋದದ್ದು ಹೇಗೆ? ಎರಡನೆಯ ಮಹಾಯುದ್ಧದ ಅನಂತರ ಕಟ್ಟಿದ ಮನೆಗಳಿಗೆ ಬಿಸಿನೀರಿನ, ಬಿಸಿಗಾಳಿಯ ಪದ್ಧತಿಗಳು ಬಂದುವು. ಹಬೆಯ ಕೆಲಸಗಾರರಿಗೆ ಶಿಷ್ಯರಿಲ್ಲದೆ ಹೋಯಿತು. ಅವರು ವೃದ್ಧರಾಗಿ ಕಣ್ಮರೆಯಾದರು. ಅವರು ಜೋಡಿಸಿದ ಕಬ್ಬಿಣ ಮಾತ್ರ ಉಳಿಯಿತು. ಆಮೇಲೆ ಬಂದ ರಿಪೇರಿಯವರು ಅರ್ಥವಾಗದ್ದನ್ನೆಲ್ಲ ತಿದ್ದತೊಡಗಿದರು. ಒಬ್ಬನು ನೆಲಮಾಳಿಗೆಯ ದೊಡ್ಡ ಗಾಳಿಕಿಂಡಿಯನ್ನು ಅನಾವಶ್ಯಕವೆಂದು ಮುಚ್ಚಿದನು; ಇನ್ನೊಬ್ಬನು ಕೊಳವೆಗೆ ಸುತ್ತಿದ್ದ ಹೊದಿಕೆಯನ್ನು ಕಿತ್ತು ಹಾಗೆಯೇ ಬಿಟ್ಟನು; ಮತ್ತೊಬ್ಬನು ಒತ್ತಡ ಏರಿಸಿದನು. ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಈ ಜಾತಿಯ ಲಿಪಿಕಾರರ ಪರಿಚಯ ಚೆನ್ನಾಗಿ ಇದೆ. ಕವಿಯ ಅಪರೂಪದ ಶಬ್ದ ತಿಳಿಯದೆ, ತನಗೆ ತಿಳಿದ ಶಬ್ದವನ್ನು ಅಲ್ಲಿ ಬರೆದು, ತಿದ್ದಿದೆನೆಂದು ತೃಪ್ತನಾಗುವವನು. ಒಂದು ಅಪಪಾಠವನ್ನು ಸರಿಪಡಿಸಲು ಮುಂದಿನವನು ಎರಡು ಅಪಪಾಠ ಸೇರಿಸುತ್ತಾನೆ. ಕೊನೆಗೆ ದೋಷ ಕವಿಯ ತಲೆಗೆ ಬರುತ್ತದೆ. ಹೋಲೊಹನ್ನರು ೧೯೯೨ರಲ್ಲಿ ಹಬೆಯ ಈ ಮರೆತ ವಿದ್ಯೆಯ ಮೇಲೆ ಪ್ರಕಟಿಸಿದ ಗ್ರಂಥ ಒಂದು ರೀತಿಯಲ್ಲಿ ಪಾಠಸಂಶೋಧನೆಯೇ. ಹಳೆಯ ಕೈಪಿಡಿಗಳನ್ನು ಓದಿ, ಸತ್ತುಹೋದ ಶಿಲ್ಪಿಗಳು ಇದನ್ನು ಏಕೆ ಹೀಗೆ ಮಾಡಿದರು ಎಂದು ಕೇಳಿ, ಮೂಲಪಾಠವನ್ನು ಅವರು ಹೊರತೆಗೆದರು. ಆಮೇಲೆ ಆ ಕಬ್ಬಿಣಗಳಲ್ಲಿ ಎಷ್ಟೋ ಮತ್ತೆ ಸದ್ದಿಲ್ಲದೆ ಕೆಲಸಮಾಡತೊಡಗಿದುವು.

ಆದರೂ ಈ ಪದ್ಧತಿಯ ಸಂಜೆ ಸಮೀಪಿಸಿರುವಂತೆ ತೋರುತ್ತದೆ. ಇಂಧನದ ಹೊಗೆಯಿಂದ ಭೂಮಿಯ ಬಿಸಿಯೇ ಏರುತ್ತಿರುವುದರಿಂದ, ನ್ಯೂಯಾರ್ಕ್ ನಗರ ೨೦೧೯ರಲ್ಲಿ ಒಂದು ಕಾಯಿದೆ ಮಾಡಿ, ೨೫,೦೦೦ ಚದರ ಅಡಿಗಿಂತ ದೊಡ್ಡ ಕಟ್ಟಡಗಳು ಹೊರಗೆ ಬಿಡಬಹುದಾದ ಇಂಗಾಲಾನಿಲಕ್ಕೆ ೨೦೨೪ರಿಂದ ಮಿತಿ ಹಾಕಿತು. ೨೦೩೦ರಿಂದ ಆ ಮಿತಿ ಇನ್ನೂ ಬಿಗಿಯಾಗಬೇಕೆಂದು ಅದರಲ್ಲಿ ವಿಧಿಸಿದೆ. ವಿದ್ಯುತ್ತಿನಿಂದ ನಡೆಯುವ ಹೊಸ ಸಾಧನಗಳು ಬಾಯ್ಲರಿನ ಸ್ಥಾನಕ್ಕೆ ಬರುತ್ತಿವೆ. ಅದು ಆಗಬೇಕಾದದ್ದೇ. ಇದರ ನಡುವೆ ೨೦೨೦ರಲ್ಲಿ ಕೊರೋನಾ ರೋಗ ಹಬ್ಬಿದಾಗ ವೈದ್ಯರು ಮತ್ತೆ ಅದೇ ಮಾತು ಹೇಳಿದರು: ಕಿಟಕಿ ತೆರೆಯಿರಿ. ನೂರು ವರ್ಷ ಎಲ್ಲರ ಬೈಗುಳ ತಿಂದಿದ್ದ ಆ ಅತಿಯಾದ ಶಾಖಕ್ಕೆ ಒಂದು ಚಳಿಗಾಲದ ಮಟ್ಟಿಗೆ ತನ್ನ ಹುಟ್ಟಿನ ಅರ್ಥ ಮರಳಿ ಬಂದಿತು.

ಹಿರಿಯರು ಬಿಟ್ಟುಹೋದ ವಸ್ತುವೊಂದು ವಿಚಿತ್ರವಾಗಿ ಕಂಡಾಗ ಎರಡು ದಾರಿಗಳಿರುತ್ತವೆ. ಅದು ಹಾಗೆಯೇ ಇರಬೇಕೆಂದು ಕೈಮುಗಿಯುವುದು ಒಂದು. ಮೂಢತನವೆಂದು ಕಿತ್ತೆಸೆಯುವುದು ಇನ್ನೊಂದು. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಮಾಡಿದವನ ಮನಸ್ಸಿನಲ್ಲಿ ಏನಿತ್ತು ಎಂಬುದು. ಆ ಪ್ರಶ್ನೆಗೆ ಉತ್ತರ ಸಿಕ್ಕಿದಮೇಲೆ ಇಟ್ಟುಕೊಳ್ಳಬೇಕಾದ್ದನ್ನು ಇಟ್ಟುಕೊಳ್ಳಬಹುದು, ಬಿಡಬೇಕಾದ್ದನ್ನು ಗೌರವದಿಂದ ಬಿಡಬಹುದು. ಎಷ್ಟೋ ಸಲ ಮುರಿದುಹೋದದ್ದು ಯಂತ್ರವಲ್ಲ, ಅದಕ್ಕೂ ನಮಗೂ ನಡುವಿನ ನೆನಪು. ಅದನ್ನು ಜೋಡಿಸಿಕೊಂಡರೆ, ಮಿಕ್ಕದ್ದಕ್ಕೆ ಒಂದು ಮರದ ಚಕ್ಕೆಯೇ ಸಾಕಾಗುತ್ತದೆ.